ತಳದಿಂದ ಆರಂಭಿಸಿ: ಫೆಲಿಕ್ಸ್‌ಸ್ಟೋ ಹಾರುದೋಣಿಯ ಮಾದರಿಯನ್ನು ಮರದಲ್ಲಿ ಕಟ್ಟುವ ಕ್ರಮ

ಮೊದಲ ಮಹಾಯುದ್ಧದ ಕಾಲದ ಹಾರುದೋಣಿಯ ಮಾದರಿಯನ್ನು ಮಾಡಲು ಹೊರಟವರು ಹೆಚ್ಚಾಗಿ ರೆಕ್ಕೆಯಿಂದ ಕೆಲಸ ಆರಂಭಿಸುತ್ತಾರೆ. ನಾನೂ ಹಾಗೆಯೇ ಮಾಡಿ ಒಂದು ಮಳೆಗಾಲವನ್ನು ಕಳೆದುಕೊಂಡೆ. ಎರಡು ಅಂತಸ್ತಿನ ರೆಕ್ಕೆ, ನಡುವಿನ ಕಂಬಗಳು, ತಂತಿಗಳು ಎಲ್ಲವೂ ನೋಡುವುದಕ್ಕೆ ಚೆನ್ನಾಗಿಯೇ ಬಂದವು. ಒಡಲನ್ನು ಮಾತ್ರ ಕೊನೆಗೆ ಒಂದು ವಾರದಲ್ಲಿ ಕೆತ್ತಿ ಅಂಟಿಸಿದ್ದೆ. ಬಾವಿಕಟ್ಟೆಯ ಬಳಿಯ ಬಾನಿಯಲ್ಲಿ ತೇಲಿಬಿಟ್ಟ ಕೂಡಲೇ ಅದು ಮೂತಿಯನ್ನು ನೀರಿಗೆ ಊರಿ, ಎಡಕ್ಕೆ ವಾಲಿ, ತಿಂಗಳುಗಟ್ಟಲೆ ಕೂತು ಮಾಡಿದ ರೆಕ್ಕೆಯನ್ನು ತೋಯಿಸಿಬಿಟ್ಟಿತು. ಸಾಮಾನ್ಯ ವಿಮಾನದ ಕೆಳಗೆ ಎರಡು ತೇಲುಬುರುಡೆಗಳನ್ನು ಕಟ್ಟಿದರೆ ಆಗುವ ನೀರುವಿಮಾನ ಬೇರೆ, ಒಡಲೇ ದೋಣಿಯಾಗಿರುವ ಹಾರುದೋಣಿ ಬೇರೆ. ಎರಡನೆಯದನ್ನು ಕಟ್ಟುವವರು ಮೊದಲು ದೋಣಿ ಕಟ್ಟಬೇಕು, ಅದು ನೀರಿನಲ್ಲಿ ಸರಿಯಾಗಿ ಕುಳಿತ ಮೇಲೆಯೇ ಅದಕ್ಕೆ ರೆಕ್ಕೆ ಹಚ್ಚಬೇಕು. ಕೆಳಗೆ ವಿವರಿಸಿರುವ ಕ್ರಮ ಈ ಒಂದು ಪಾಠದ ಮೇಲೆಯೇ ನಿಂತಿದೆ.

ಮಾದರಿಗೆ ನಾನು ಆರಿಸಿಕೊಂಡದ್ದು ಬ್ರಿಟಿಷ್ ನೌಕಾಪಡೆಯ ಫೆಲಿಕ್ಸ್‌ಸ್ಟೋ ಎಫ್.2ಎ. ಉತ್ತರ ಸಮುದ್ರದ ಮೇಲೆ ಜರ್ಮನ್ ಜಲಾಂತರ್ಗಾಮಿಗಳನ್ನೂ ಅನಿಲ ತುಂಬಿದ ದೊಡ್ಡ ಗಾಳಿಹಡಗುಗಳಾದ ಜೆಪ್ಪೆಲಿನ್‌ಗಳನ್ನೂ ಹುಡುಕಿ ಹೊಡೆಯುವುದು ಇದರ ಕೆಲಸವಾಗಿತ್ತು. ಮೇಲಿನ ರೆಕ್ಕೆಯ ಅಗಲ 29.15 ಮೀಟರ್, ಒಟ್ಟು ಉದ್ದ ಸುಮಾರು 14.1 ಮೀಟರ್, ತುಂಬಿದ ತೂಕ ಹೆಚ್ಚು ಕಡಿಮೆ 4,980 ಕಿಲೋಗ್ರಾಂ. ಎರಡು ರೋಲ್ಸ್ ರಾಯ್ಸ್ ಈಗಲ್ ಎಂಜಿನ್‌ಗಳು, ನಾಲ್ವರು ಸಿಬ್ಬಂದಿ, 230 ಪೌಂಡಿನ ಎರಡು ಬಾಂಬುಗಳು, ಸುಮಾರು 6 ಗಂಟೆ ಗಾಳಿಯಲ್ಲಿರುವ ಸಾಮರ್ಥ್ಯ. ಇದನ್ನು 48ರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಡಲು 29.4 ಸೆಂಟಿಮೀಟರ್, ರೆಕ್ಕೆ 60.7 ಸೆಂಟಿಮೀಟರ್ ಆಗುತ್ತದೆ. ಮನೆಯ ಶೋಕೇಸಿನ ಮೇಲ್ಭಾಗದಲ್ಲಿ ಇಡಬಹುದಾದ ಗಾತ್ರ. ತೂಕದ ಲೆಕ್ಕ ಮಾತ್ರ ಹಲವರಿಗೆ ತಪ್ಪುತ್ತದೆ. ಉದ್ದ 48ರಲ್ಲಿ ಒಂದಾದರೆ ತೂಕ 48ರ ಘನದಲ್ಲಿ, ಅಂದರೆ 1,10,592ರಲ್ಲಿ ಒಂದಾಗಬೇಕು. ಐದು ಟನ್ನಿನ ದೋಣಿಯ ಮಾದರಿ ನಿಜದ ಹಾಗೆಯೇ ನೀರಿನಲ್ಲಿ ಕುಳಿತುಕೊಳ್ಳಬೇಕಾದರೆ ಅದರ ತೂಕ 45 ಗ್ರಾಂ ಮಾತ್ರ ಇರಬೇಕು. ಈ ಸಂಖ್ಯೆಯನ್ನು ಕೆಲಸದ ಮೇಜಿನ ಎದುರಿನ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೆಲಸದ ಕಾಲವನ್ನು ನಮ್ಮ ಕರಾವಳಿಯ ಹವೆಯೇ ನಿರ್ಧರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವವನ್ನು ಕುಡಿದು ಉಬ್ಬುತ್ತದೆ, ರೆಕ್ಕೆಗೆ ಹೊದಿಸುವ ತೆಳುವಾದ ಹೊಟ್ಟೆಕಾಗದ ಜೋಲುತ್ತದೆ, ಬಣ್ಣ ಒಣಗುವುದಿಲ್ಲ. ಆದರೆ ಆ ತಿಂಗಳುಗಳು ವ್ಯರ್ಥವಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಮಲ್ಪೆಯಲ್ಲಿ ಅಥವಾ ಮಂಗಳೂರಿನ ಬಂದರಿನ ಬದಿಯಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ದುರಸ್ತಿಗೆ ಇಟ್ಟಿರುತ್ತಾರೆ. ವರ್ಷವಿಡೀ ನೀರಿನಲ್ಲಿ ಅಡಗಿರುವ ತಳವನ್ನು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಮುಂಭಾಗದಲ್ಲಿ ಚೂಪಾಗಿ ಆರಂಭವಾದ ತಳ ಹಿಂದಕ್ಕೆ ಬಂದಂತೆ ಹೇಗೆ ಚಪ್ಪಟೆಯಾಗುತ್ತದೆ, ಪಕ್ಕದ ಹಲಗೆಯೂ ತಳದ ಹಲಗೆಯೂ ಎಲ್ಲಿ ಕೂಡುತ್ತವೆ, ನೀರನ್ನು ಹೊರಕ್ಕೆ ಚಿಮ್ಮಿಸುವ ಅಂಚು ಎಲ್ಲಿದೆ ಎಂಬುದನ್ನು ಕೈಯಾಡಿಸಿ ನೋಡಬೇಕು, ಚಿತ್ರ ಬರೆದುಕೊಳ್ಳಬೇಕು. ನಾನು ನನ್ನ ಕಾಗದದ ನಕ್ಷೆಯನ್ನು ದೋಣಿ ಕಟ್ಟುವ ಹಿರಿಯ ಆಚಾರ್ರೊಬ್ಬರಿಗೆ ತೋರಿಸಿದಾಗ ಅವರು ರೆಕ್ಕೆಯನ್ನು ನೋಡಲೇ ಇಲ್ಲ. ಹಿಂಭಾಗದ ಮೇಲೆ ಬೆರಳಿಟ್ಟು, “ಇಲ್ಲಿ ನೀರು ಹಿಡ್ಕೊಳ್ತದೆ ಮಾರಾಯ್ರೆ, ಬಿಡ್ಲಿಕ್ಕಿಲ್ಲ,” ಎಂದರು. 1912ರಲ್ಲಿ ಅಮೆರಿಕದ ವಿಮಾನ ನಿರ್ಮಾಪಕ ಗ್ಲೆನ್ ಕರ್ಟಿಸ್ ಎದುರಿಸಿದ ತೊಡಕು ಅಕ್ಷರಶಃ ಇದೇ ಆಗಿತ್ತು.

ಕರ್ಟಿಸ್ ಆರಂಭದಲ್ಲಿ ಕಟ್ಟಿದ ಹಾರುದೋಣಿ ನೀರಿನ ಮೇಲೆ ಚೆನ್ನಾಗಿ ಓಡುತ್ತಿತ್ತು, ಆದರೆ ಮೇಲೇಳುತ್ತಿರಲಿಲ್ಲ. ನುಣುಪಾದ ತಳದ ಉದ್ದಕ್ಕೂ ನೀರು ಅಂಟಿಕೊಂಡು ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತಿತ್ತು. ಬಾಳೆ ಎಲೆಯನ್ನು ನೀರಿನ ಮೇಲೆ ಅಂಗಾತ ಇಟ್ಟು ನೇರವಾಗಿ ಮೇಲೆತ್ತಲು ನೋಡಿದರೆ ಈ ಎಳೆತ ಕೈಗೇ ತಿಳಿಯುತ್ತದೆ. ತಳವನ್ನು ನಡುವಿನಲ್ಲಿ ತುಂಡರಿಸಿದಂತೆ ಒಂದು ಮೆಟ್ಟಿಲನ್ನು ಕೊಟ್ಟಾಗ ಅದರ ಹಿಂದೆ ಗಾಳಿ ನುಗ್ಗಿತು, ಹಿಂಭಾಗ ನೀರಿನಿಂದ ಬಿಡಿಸಿಕೊಂಡಿತು, ದೋಣಿ ಅದೇ ಬೇಸಿಗೆಯಲ್ಲಿ ಹ್ಯಾಮಂಡ್ಸ್‌ಪೋರ್ಟಿನ ಸರೋವರದಿಂದ ಮೇಲೆದ್ದಿತು. ಮುಂದಿನ ಹಾರುದೋಣಿಗಳೆಲ್ಲ ಈ ಮೆಟ್ಟಿಲನ್ನು ಹೊತ್ತುಕೊಂಡೇ ಬಂದವು. ಹಳೆಯ ಛಾಯಾಚಿತ್ರದಲ್ಲಿ ಹಾರುದೋಣಿ ಯಾವುದೆಂದು ಗುರುತಿಸಲು ನಾನು ಮೊದಲು ಹುಡುಕುವುದೂ ಇದನ್ನೇ.

ಈಗ ಮರದ ವಿಚಾರ. ಬಾಲ್ಸಾ ಮರವನ್ನು ಹೊರಗಿನಿಂದ ತರಿಸಿಕೊಳ್ಳಬಹುದು; ಹಗುರ, ಆದರೆ ದುಬಾರಿ, ಮತ್ತು ನಮ್ಮ ಹವೆಯಲ್ಲಿ ಬೇಗನೆ ಮೆತ್ತಗಾಗುತ್ತದೆ. ಒಡಲಿಗೆ ನಾನು ಬಳಸುವುದು ಹಾಲೆ ಮರ, ಅಂದರೆ ಆಟಿ ಅಮಾವಾಸ್ಯೆಯ ಬೆಳಗ್ಗೆ ತೊಗಟೆಯ ಕಷಾಯ ಕುಡಿಯುವ ಅದೇ ಪಾಲೆ ಮರ. ಅದು ಮೃದು, ಎಳೆ ನೇರ, ಚಾಕುವಿಗೆ ಬೆಣ್ಣೆಯಂತೆ ಸಿಗುತ್ತದೆ. ಮರದ ಮಿಲ್ಲಿನಲ್ಲಿ ತುಂಡು ಸಿಕ್ಕಿದರೆ ಅಡುಗೆಮನೆಯ ಅಟ್ಟದಲ್ಲಿ ಆರು ತಿಂಗಳಾದರೂ ಒಣಗಿಸಿ, ದೀಪಾವಳಿ ಕಳೆದ ಮೇಲೆ ಕೆತ್ತಲು ಆರಂಭಿಸಬೇಕು. ಪ್ಲೈವುಡ್ಡಿನ ಬಗ್ಗೆ ಒಂದು ಎಚ್ಚರಿಕೆ: ನೀರಿಗೆ ಏನೂ ಆಗುವುದಿಲ್ಲವೆಂದು ಒಂದು ಅಂಗಡಿಯವರು ಭರವಸೆ ಕೊಟ್ಟ ತೆಳು ಹಲಗೆ ನನ್ನಲ್ಲಿ ಎರಡನೆಯ ದಿನವೇ ಪದರ ಬಿಚ್ಚಿಕೊಂಡಿತು. ಯಾವ ಹಲಗೆಯಾದರೂ ಒಂದು ಚೂರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಪರೀಕ್ಷಿಸಿಯೇ ಬಳಸಬೇಕು. ಸಾಧಾರಣ ಬಿಳಿ ಅಂಟು ನೀರಿನಲ್ಲಿ ಕರಗುವುದರಿಂದ ತಳಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಅಂಟೇ ಬೇಕು.

ಒಡಲನ್ನು ಒಂದೇ ತುಂಡಿನಲ್ಲಿ ಕೆತ್ತಬಾರದು. ಮೇಲಿನ ಪೆಟ್ಟಿಗೆ ಮತ್ತು ಕೆಳಗಿನ ತಳ ಎಂದು ಎರಡಾಗಿ ಮಾಡಬೇಕು. ಇದು ಕೇವಲ ಅನುಕೂಲದ ಮಾತಲ್ಲ, ನಿಜವಾದ ಎಫ್.2ಎ ಕೂಡ ಇದೇ ತರ್ಕದಲ್ಲಿ ಕಟ್ಟಲ್ಪಟ್ಟದ್ದು. ಅದರ ಹಿಂದೆ ಇದ್ದವರು ಜಾನ್ ಸಿರಿಲ್ ಪೋರ್ಟ್ ಎಂಬ ನೌಕಾಪಡೆಯ ಅಧಿಕಾರಿ. ಕ್ಷಯರೋಗದಿಂದ ಸೇವೆ ಬಿಟ್ಟಿದ್ದ ಅವರು 1914ರಲ್ಲಿ ಕರ್ಟಿಸ್‌ನ ‘ಅಮೆರಿಕ’ ಎಂಬ ದೊಡ್ಡ ಹಾರುದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಸಿದ್ಧರಾಗಿದ್ದರು. ಅಷ್ಟರಲ್ಲಿ ಯುದ್ಧ ಆರಂಭವಾಗಿ ಊರಿಗೆ ಮರಳಿದರು, ಆ ದೋಣಿಯನ್ನೇ ಕೊಳ್ಳುವಂತೆ ನೌಕಾ ಇಲಾಖೆಯನ್ನು ಒಪ್ಪಿಸಿದರು. ಬಂದ ದೋಣಿಗಳ ರೆಕ್ಕೆ ಒಳ್ಳೆಯದಿತ್ತು, ಒಡಲು ಮಾತ್ರ ಉತ್ತರ ಸಮುದ್ರದ ಅಲೆಗಳಿಗೆ ತಡೆಯುತ್ತಿರಲಿಲ್ಲ. ಫೆಲಿಕ್ಸ್‌ಸ್ಟೋ ಎಂಬ ಬಂದರು ಊರಿನ ನೆಲೆಯಲ್ಲಿ ಪೋರ್ಟ್ ಒಂದಾದ ಮೇಲೊಂದರಂತೆ ಹೊಸ ಒಡಲುಗಳನ್ನು ಕಟ್ಟಿ ನೋಡಿದರು. ಉದ್ದದ ಮರದ ಪಟ್ಟಿಗಳನ್ನೂ ಅಡ್ಡಪಟ್ಟಿಗಳನ್ನೂ ಓರೆಯಾಗಿ ಬಿಗಿದು ಗಟ್ಟಿಯಾದ ಪೆಟ್ಟಿಗೆ ಮಾಡಿ, ಅದರ ಕೆಳಗೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ತಳವನ್ನೂ ಎರಡು ಪಕ್ಕಗಳಿಗೆ ಚಾಚಿದ ಅಗಲವಾದ ಅಂಚುಗಳನ್ನೂ ಜೋಡಿಸುವ ವಿಧಾನಕ್ಕೆ ಕೊನೆಗೆ ಬಂದು ನಿಂತರು. ಕರ್ಟಿಸ್‌ನ ಎಚ್-12 ಎಂಬ ಹಾರುದೋಣಿಯ ರೆಕ್ಕೆಗೆ ಈ ಒಡಲನ್ನು ಸೇರಿಸಿದ್ದೇ ಎಫ್.2, ಅದರ ಪಕ್ವವಾದ ರೂಪ ಎಫ್.2ಎ. ರೆಕ್ಕೆಯನ್ನು ಹಾಗೆಯೇ ಇಟ್ಟುಕೊಂಡು ಒಡಲನ್ನು ಬದಲಿಸಿದ್ದರಿಂದ ಹುಟ್ಟಿದ ವಿಮಾನವಿದು ಎಂಬುದನ್ನು ಮಾದರಿ ಮಾಡುವವರು ಮರೆಯಬಾರದು.

ಆದ್ದರಿಂದ ಮೊದಲು ಮೇಲಿನ ಪೆಟ್ಟಿಗೆಯನ್ನು ಹಾಲೆ ಮರದಲ್ಲಿ ಕೆತ್ತಿ, ಒಂಟಿಮರದ ದೋಣಿಯ ಹಾಗೆ ಒಳಗನ್ನು ತೋಡಬೇಕು. ಗೋಡೆ 2 ಮಿಲಿಮೀಟರಿಗಿಂತ ದಪ್ಪ ಉಳಿಯಬಾರದು. ತೋಡುತ್ತ ಹೋದಂತೆ ಬೆಳಕಿಗೆ ಹಿಡಿದರೆ ತೆಳುವಾದಲ್ಲಿ ಮರ ಜೇನುಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ಕೈ ನಿಲ್ಲಿಸಬೇಕು. ನನ್ನ ಮೊದಲ ಒಡಲು ತೋಡದೆಯೇ 70 ಗ್ರಾಂ ತೂಗಿತ್ತು, ಬಾನಿಯಲ್ಲಿ ಆದ ಅವಮಾನಕ್ಕೆ ಅರ್ಧ ಕಾರಣ ಅದೇ. ಅನಂತರ ಒಂದರ ಬದಲು ಎರಡು ತಳಗಳನ್ನು ಮಾಡಬೇಕು. ಒಂದು, ಮೆಟ್ಟಿಲಿಲ್ಲದೆ ಮೂತಿಯಿಂದ ಬಾಲದವರೆಗೆ ಒಂದೇ ಬಾಗಿನಲ್ಲಿ ಹೋಗುವ ನುಣುಪಾದ ತಳ. ಇನ್ನೊಂದು, ವಿ ಆಕಾರದ, ಎರಡು ಮೆಟ್ಟಿಲುಗಳ ತಳ. ಭಾರಕೇಂದ್ರ ಎಲ್ಲಿ ಬರಬೇಕೆಂದು ಒಡಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಮೊದಲ ಮೆಟ್ಟಿಲು ಆ ಗೆರೆಗಿಂತ ತುಸುವೇ ಹಿಂದೆ ಬರುವಂತೆ ಕತ್ತರಿಸಬೇಕು. ಮೆಟ್ಟಿಲು ಗೆರೆಯ ಮುಂದಕ್ಕೆ ಬಂದರೆ ಹಿಂಭಾಗದ ಭಾರಕ್ಕೆ ದೋಣಿ ಮೂತಿ ಎತ್ತಿ ಕುಣಿಯುತ್ತದೆ, ಬಹಳ ಹಿಂದಕ್ಕೆ ಹೋದರೆ ಮೂತಿಯನ್ನು ಎತ್ತುವುದೇ ಇಲ್ಲ. ಈ ಗಾತ್ರದಲ್ಲಿ ಮೆಟ್ಟಿಲಿನ ಎತ್ತರ 2 ಮಿಲಿಮೀಟರ್ ಸಾಕು, ಆದರೆ ಅದರ ಅಂಚು ಚೂಪಾಗಿರಬೇಕು. ಮರಳುಕಾಗದದ ಉತ್ಸಾಹದಲ್ಲಿ ಅಂಚನ್ನು ದುಂಡಗೆ ಮಾಡಿದರೆ ನೀರು ಅದನ್ನು ಸುತ್ತಿಕೊಂಡು ಮತ್ತೆ ತಳಕ್ಕೇ ಅಂಟುತ್ತದೆ. ಎರಡೂ ತಳಗಳನ್ನು ಒಂದೇ ಪೆಟ್ಟಿಗೆಗೆ ಎರಡು ಸಣ್ಣ ಸ್ಕ್ರೂಗಳಿಂದ ಬದಲಾಯಿಸಿ ಹಚ್ಚುವಂತೆ ಮಾಡಿಕೊಂಡರೆ ಮುಂದಿನ ಪರೀಕ್ಷೆಗೆ ಸುಲಭ. ಮರಕ್ಕೆ ಎರಡು ಕೈ ವಾರ್ನಿಷ್ ಹಚ್ಚಬೇಕು. ನಮ್ಮ ದೋಣಿಗಳಿಗೆ ಹಚ್ಚುವ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಸುವ ಆಸೆ ನನಗೂ ಬಂದಿತ್ತು. ಮೊದಲನೆಯದರ ವಾಸನೆಗೆ ಮನೆಯವರು ಒಪ್ಪುವುದಿಲ್ಲ, ಎರಡನೆಯದು ಕೈ ಸುಡುತ್ತದೆ. ವಾರ್ನಿಷ್ ಬೇಕೇ ಬೇಕು, ಏಕೆಂದರೆ ಮರದ ಒಡಲು ನೀರು ಕುಡಿದು ಭಾರವಾಗುತ್ತ ಹೋಗುವುದು ಆ ಕಾಲದ ನಿಜವಾದ ಹಾರುದೋಣಿಗಳಿಗೂ ತಪ್ಪದ ಕಾಟವಾಗಿತ್ತು.

ಪರೀಕ್ಷೆಯ ದಿನಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಂದು ಬೆಳಗ್ಗೆ ಸೂಕ್ತ. ಕಡಲಗಾಳಿ ಏಳುವ ಮೊದಲು, ಭರತ ಏರಿ ನಿಂತ ಹೊತ್ತಿನಲ್ಲಿ ಫಲ್ಗುಣಿ ನದಿಯ ನೀರು ಕನ್ನಡಿಯಂತಿರುತ್ತದೆ. ನಾನು ಹೋಗುವುದು ಮಂಗಳೂರಿನ ಸುಲ್ತಾನ್ ಬತ್ತೇರಿಯ ಕಡೆಗೆ. ನದಿಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಕಟ್ಟಿಸಿದ ಕಾವಲುಗೋಪುರ ಅಲ್ಲಿದೆ. ಕಡಲ ಕಡೆಗೆ ಕಣ್ಣಿಟ್ಟು ಕೂರುವ ಕೆಲಸವನ್ನು ಮುಂದೆ ರೆಕ್ಕೆ ಕಟ್ಟಿಕೊಂಡು ಮಾಡಿದ ಯಂತ್ರವೊಂದನ್ನು ಪರೀಕ್ಷಿಸಲು ಜಾಗ ಒಪ್ಪುತ್ತದೆ ಎಂಬುದು ನನ್ನ ಸ್ವಂತ ಸಮಾಧಾನ. ಉಡುಪಿಯ ಕಡೆಯವರಿಗೆ ಉದ್ಯಾವರ ಹೊಳೆಯ ಯಾವುದಾದರೂ ಶಾಂತ ಅಂಚು ಆದೀತು. ದೋಣಿಗಳು ಓಡಾಡುವ ದಾರಿಯಿಂದ ದೂರವಿರಬೇಕು, ಒಬ್ಬರೇ ಹೋಗಬಾರದು.

ಎಷ್ಟು ವೇಗದಲ್ಲಿ ಎಳೆಯಬೇಕೆಂಬುದಕ್ಕೆ ವಿಲಿಯಂ ಫ್ರೂಡ್ 19ನೇ ಶತಮಾನದಲ್ಲಿ ಹಡಗುಗಳ ಮಾದರಿಗಾಗಿ ತೋರಿಸಿಕೊಟ್ಟ ನಿಯಮವಿದೆ: ನಿಜದ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. 48ರ ವರ್ಗಮೂಲ ಸುಮಾರು 6.9. ದೋಣಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ಧಾವಿಸುತ್ತಿದೆ ಎಂದಿಟ್ಟುಕೊಂಡರೆ ಮಾದರಿಯನ್ನು ಗಂಟೆಗೆ 7 ಕಿಲೋಮೀಟರಿನಲ್ಲಿ, ಅಂದರೆ ದಡದ ಮೇಲೆ ಬಿರುಸಾಗಿ ನಡೆಯುತ್ತ ಎಳೆದರೆ ಸಾಕು. ಒಡಲಿನೊಳಗೆ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನಿಟ್ಟು ತೂಕವನ್ನು ಸರಿಯಾಗಿ 45 ಗ್ರಾಮಿಗೆ ತರಬೇಕು, ಗುಂಡುಗಳನ್ನು ಹಿಂದೆ ಮುಂದೆ ಸರಿಸಿ ಭಾರಕೇಂದ್ರ ಪೆನ್ಸಿಲ್ ಗೆರೆಯ ಮೇಲೆ ನಿಲ್ಲುವಂತೆ ಮಾಡಬೇಕು. ಮೂತಿಯ ಕೆಳಭಾಗಕ್ಕೆ ದಾರ ಕಟ್ಟಿ, ದಾರದ ನಡುವೆ ಒಂದು ತೆಳುವಾದ ರಬ್ಬರ್ ಬ್ಯಾಂಡ್ ಸೇರಿಸಿ, ಉದ್ದನೆಯ ಗಾಳದ ಕೋಲಿನ ತುದಿಯಿಂದ ಎಳೆದರೆ ದೋಣಿ ದಡದಿಂದ ದೂರವೇ ಉಳಿಯುತ್ತದೆ. ರಬ್ಬರ್ ಎಷ್ಟು ಹಿಗ್ಗಿತೆಂಬುದೇ ನೀರು ಎಷ್ಟು ಹಿಡಿದುಕೊಂಡಿದೆ ಎಂಬುದರ ಅಳತೆ. ಜೊತೆಗಿರುವವರು ಮೊಬೈಲಿನಲ್ಲಿ ಪಕ್ಕದಿಂದ ವೀಡಿಯೊ ತೆಗೆದರೆ ಆಮೇಲೆ ನಿಧಾನವಾಗಿ ನೋಡಬಹುದು.

ನುಣುಪು ತಳವನ್ನು ಮೊದಲು ಎಳೆಯಿರಿ. ವೇಗ ಏರುತ್ತಿದ್ದಂತೆ ಮೂತಿ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ, ನೀರು ಬಾಲದ ಎರಡೂ ಪಕ್ಕಗಳನ್ನು ಹತ್ತಿ ತೆಳುವಾದ ಗಾಜಿನ ಹಾಳೆಯಂತೆ ಮರಕ್ಕೆ ಅಂಟಿಕೊಂಡು ನಿಲ್ಲುತ್ತದೆ, ರಬ್ಬರ್ ಹಿಗ್ಗುತ್ತಲೇ ಹೋಗುತ್ತದೆ. ಮೆಟ್ಟಿಲಿನ ತಳವನ್ನು ಹಚ್ಚಿ ಅದೇ ನಡಿಗೆಯಲ್ಲಿ ಎಳೆದಾಗ ಮೊದಲ ಕೆಲವು ಹೆಜ್ಜೆ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಒಂದು ಕ್ಷಣದಲ್ಲಿ ಮೆಟ್ಟಿಲಿನ ಹಿಂದೆ ಬೆಳ್ಳಗಿನ ಗುಳಿಯೊಂದು ತೆರೆಯುತ್ತದೆ, ಬಾಲ ನೀರಿನಿಂದ ಕಳಚಿಕೊಂಡು ಮೇಲೆ ಬರುತ್ತದೆ, ಕೋಲು ಹಿಡಿದ ಕೈಗೆ ಯಾರೋ ಹಿಂದಿನಿಂದ ಹಿಡಿದಿದ್ದನ್ನು ಬಿಟ್ಟಂತೆ ಅನಿಸುತ್ತದೆ. ಪಕ್ಕದ ಅಗಲವಾದ ಅಂಚುಗಳು ತುಂತುರನ್ನು ಕೆಳಕ್ಕೂ ಹೊರಕ್ಕೂ ತಳ್ಳುವುದನ್ನೂ ಗಮನಿಸಬೇಕು. ಅವು ಇಲ್ಲದಿದ್ದರೆ ಆ ತುಂತುರೆಲ್ಲ ತಿರುಗುವ ಮರದ ಪ್ರೊಪೆಲ್ಲರಿಗೆ ಬಡಿದು ಅದನ್ನು ಹಾಳುಮಾಡುತ್ತಿತ್ತು. ಇಷ್ಟು ಚಿಕ್ಕ ಗಾತ್ರದಲ್ಲಿ ನೀರಿನ ಮೇಲ್ಮೈ ಬಿಗುಪು ನಿಜಕ್ಕಿಂತ ಹೆಚ್ಚಾಗಿ ತೊಡಕು ಕೊಡುವುದರಿಂದ ಅಳತೆಗಳನ್ನು ಹೋಲಿಕೆಗೆ ಮಾತ್ರ ಬಳಸಬೇಕು.

ಒಡಲು ಚೆನ್ನಾಗಿರಬೇಕೆಂಬ ಹಟ ಮೇಲೇಳುವುದಕ್ಕಾಗಿ ಮಾತ್ರ ಇರಲಿಲ್ಲ. ಎಂಜಿನ್ ಕೈಕೊಟ್ಟರೆ ತೆರೆದ ಕಡಲಿನಲ್ಲಿ ಇಳಿದು ಸಹಾಯ ಬರುವವರೆಗೆ ತೇಲಬೇಕಾಗುತ್ತಿತ್ತು. ಸುದ್ದಿ ಕಳುಹಿಸಲು ಪಾರಿವಾಳಗಳನ್ನು ಒಯ್ಯುತ್ತಿದ್ದರು. 1916ರ ಸೆಪ್ಟೆಂಬರ್ 15ರಂದು ಏಡ್ರಿಯಾಟಿಕ್ ಸಮುದ್ರದಲ್ಲಿ ಆಸ್ಟ್ರಿಯ-ಹಂಗೆರಿಯ ಎರಡು ಲೋಹ್ನರ್ ಹಾರುದೋಣಿಗಳು ಫ್ರಾನ್ಸಿನ ‘ಫೂಕೊ’ ಜಲಾಂತರ್ಗಾಮಿಯನ್ನು ಬಾಂಬು ಹಾಕಿ ಮುಳುಗಿಸಿದವು. ವಿಮಾನದಿಂದ ಮುಳುಗಿದ ಮೊದಲ ಜಲಾಂತರ್ಗಾಮಿ ಅದು. ಮುಳುಗಿಸಿದ ಮೇಲೆ ಅದೇ ಹಾರುದೋಣಿಗಳು ನೀರಿಗಿಳಿದು ಅದರ ನಾವಿಕರೆಲ್ಲರನ್ನೂ ಉಳಿಸಿದವು.

ರೆಕ್ಕೆಯ ಕೆಲಸವನ್ನು ಬೇಗ ಹೇಳಿ ಮುಗಿಸಬಹುದು. 1 ಮಿಲಿಮೀಟರಿನ ಬಾಲ್ಸಾ ಹಾಳೆಯ ಮೇಲೆ ಸಮಾನ ಅಂತರದಲ್ಲಿ ಹೊಲಿಗೆ ನೂಲನ್ನು ಅಂಟಿಸಿ, ಮೇಲೆ ತೆಳು ಹೊಟ್ಟೆಕಾಗದವನ್ನು ಎಳೆದು ಅಂಟಿಸಿದರೆ ಬಟ್ಟೆ ಹೊದಿಸಿದ ಪಕ್ಕೆಲುಬುಗಳಂತೆ ಕಾಣುತ್ತದೆ. ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಬಹಳ ಉದ್ದವೆಂಬುದನ್ನು ಮರೆಯಬಾರದು. ನಡುವಿನ ಕಂಬಗಳಿಗೆ ಹಿಡಿಸೂಡಿಯ ಕಡ್ಡಿಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ತುದಿಯನ್ನು ಬಿಟ್ಟು ಬುಡದ ಭಾಗವನ್ನು ಬಳಸಬೇಕು. ಕೆಳರೆಕ್ಕೆಯ ತುದಿಗಳ ಅಡಿಯಲ್ಲಿ ಒಂದೊಂದು ಚಿಕ್ಕ ತೇಲುಬುರುಡೆ ಬರುತ್ತದೆ. ಬಿಗಿತಂತಿಗಳಿಗೆ ಮೀನುಗಾರಿಕೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಅತಿ ತೆಳುವಾದ ತಂಗೂಸಿಯನ್ನು ಬಳಸಬಹುದು. ಲೂಯಿಸ್ ಬಂದೂಕುಗಳನ್ನು ಗುಂಡುಸೂಜಿಯಿಂದ ಮಾಡಿ, ಅದರ ದುಂಡನೆಯ ಗುಂಡುಪೆಟ್ಟಿಗೆಗೆ ರಟ್ಟಿನ ಬಿಲ್ಲೆಯನ್ನು ಅಂಟಿಸಬೇಕು. ಮೂತಿಯಲ್ಲಿ, ಬೆನ್ನಿನ ಮೇಲೆ, ಒಡಲಿನ ಎಡಬಲದ ಕಿಟಕಿಗಳಲ್ಲಿ ಹೀಗೆ ಎಲ್ಲ ದಿಕ್ಕಿಗೂ ಬಂದೂಕುಗಳಿದ್ದವು. ಅವು ಅಲಂಕಾರಕ್ಕೆ ಇದ್ದವಲ್ಲ: 1917ರ ಮೇ 14ರಂದು ಗ್ರೇಟ್ ಯಾರ್ಮತ್ ನೆಲೆಯಿಂದ ಹೊರಟ ಕರ್ಟಿಸ್ ಎಚ್-12 ಹಾರುದೋಣಿಯೊಂದು ಎಲ್-22 ಎಂಬ ಜೆಪ್ಪೆಲಿನ್ನನ್ನು ಉರಿಸಿ ಬೀಳಿಸಿತು.

ಬಣ್ಣದಲ್ಲಿ ನಿಮಗೆ ಸ್ವಾತಂತ್ರ್ಯವಿದೆ, ಅದಕ್ಕೆ ಕಾರಣವೂ ಇದೆ. 1918ರ ಜೂನ್ 4ರಂದು ನಾಲ್ಕು ಎಫ್.2ಎ ಮತ್ತು ಒಂದು ಎಚ್-12 ಸೇರಿ ಹದಿನಾಲ್ಕು ಜರ್ಮನ್ ನೀರುವಿಮಾನಗಳೊಂದಿಗೆ ಕಾದಾಡಿದವು. ಕೆಳಗಿಳಿದ ದೋಣಿಯನ್ನು ಕಡಲಿನ ಬಣ್ಣದ ನಡುವೆ ಗುರುತಿಸುವುದು ಎಷ್ಟು ಕಷ್ಟವೆಂಬುದು ಆಗ ಅರಿವಾಗಿ, ಒಡಲಿಗೆ ಕಣ್ಣು ಕುಕ್ಕುವ ಪಟ್ಟೆಗಳನ್ನು ಬಳಿಯತೊಡಗಿದರು. ಒಂದೊಂದು ದೋಣಿಗೆ ಒಂದೊಂದು ವಿನ್ಯಾಸ. ಯಾವ ಪಟ್ಟೆ ಯಾವ ದೋಣಿಯದೆಂಬ ಪಟ್ಟಿ ನೆಲೆಗಳಲ್ಲೂ ಹಡಗುಗಳಲ್ಲೂ ಇರುತ್ತಿತ್ತು. ಪಟ್ಟೆ ಬಳಿಯುವ ಕ್ರಮವನ್ನು ನಮ್ಮ ಹುಲಿವೇಷದ ಬಣ್ಣಗಾರರಿಂದ ಕಲಿಯಬಹುದು: ತಿಳಿಬಣ್ಣದ ತಳಹದಿ ಪೂರ್ತಿ ಒಣಗುವವರೆಗೆ ಕಪ್ಪು ಕುಂಚವನ್ನು ಮುಟ್ಟಬಾರದು. ರೆಕ್ಕೆಯ ಮೇಲ್ಭಾಗಕ್ಕೆ ಹಸುರು ಮಿಶ್ರಿತ ಕಂದು, ಕೆಳಭಾಗಕ್ಕೆ ಬಣ್ಣ ಹಾಕದ ನಾರುಬಟ್ಟೆಯ ಕೆನೆಬಣ್ಣ.

ಮಾದರಿಯನ್ನು ನಿಲ್ಲಿಸುವ ಹಲಗೆಯನ್ನೂ ಖಾಲಿ ಬಿಡಬೇಕಾಗಿಲ್ಲ. 1917ರ ಏಪ್ರಿಲ್‌ನಿಂದ ಫೆಲಿಕ್ಸ್‌ಸ್ಟೋ ನೆಲೆಯ ದೋಣಿಗಳು ನಾರ್ತ್ ಹಿಂಡರ್ ದೀಪನೌಕೆಯನ್ನು, ಅಂದರೆ ಕಡಲಲ್ಲಿ ಲಂಗರು ಹಾಕಿ ನಿಂತು ಹಡಗುಗಳಿಗೆ ದಾರಿ ತೋರುವ ದೀಪದ ಹಡಗನ್ನು, ನಡುವಿನಲ್ಲಿಟ್ಟುಕೊಂಡು ‘ಜೇಡರ ಬಲೆ’ ಎಂಬ ಗಸ್ತು ನಡೆಸಿದವು. ನಡುವಿನಿಂದ 30 ನಾಟಿಕಲ್ ಮೈಲಿ ಉದ್ದದ ಎಂಟು ಗೆರೆಗಳು, 10, 20 ಮತ್ತು 30 ಮೈಲಿಗಳಲ್ಲಿ ಅವುಗಳನ್ನು ಜೋಡಿಸುವ ಅಡ್ಡಗೆರೆಗಳು. ನೀರಿನ ಮೇಲೆ ಸಾಗುವ ಜಲಾಂತರ್ಗಾಮಿಗೆ ಈ ಬಲೆಯನ್ನು ದಾಟಲು ಸುಮಾರು 10 ಗಂಟೆ ಬೇಕಿತ್ತು. ಒಂದು ಹಾರುದೋಣಿ ಬಲೆಯ ಕಾಲು ಭಾಗವನ್ನು 5 ಗಂಟೆಯೊಳಗೆ ಜಾಲಾಡುತ್ತಿತ್ತು. ಮೈಲಿಗೆ 1 ಸೆಂಟಿಮೀಟರಿನಂತೆ 65 ಸೆಂಟಿಮೀಟರ್ ಹಲಗೆಯ ಮೇಲೆ ಇದನ್ನು ಬಿಡಿಸಬಹುದು. ಬಲೆಯ ದೊಡ್ಡತನ ಮನೆಗೆ ಬಂದವರಿಗೆ ತಿಳಿಯಲೆಂದು ನಾನು ನಮ್ಮ ಕರಾವಳಿಯ ರೇಖೆಯನ್ನು ಅದರ ಮೇಲೆ ಚುಕ್ಕೆಗಳಲ್ಲಿ ಗುರುತಿಸಿದ್ದೇನೆ: ನಡುವಿನಲ್ಲಿ ಮಲ್ಪೆಯನ್ನಿಟ್ಟರೆ ದಕ್ಷಿಣದ ಅಂಚಿಗೆ ಮಂಗಳೂರು, ಉತ್ತರದ ಅಂಚಿಗೆ ಬೈಂದೂರು ಹೆಚ್ಚು ಕಡಿಮೆ ಸರಿಯಾಗಿ ಬರುತ್ತವೆ, ಪೂರ್ವದಲ್ಲಿ ಆಗುಂಬೆಯೂ ಬಲೆಯೊಳಗೇ ಬೀಳುತ್ತದೆ.

ಮುಂದಿನ ಮಳೆಗಾಲ ಬಂದಾಗ ತಂಗೂಸಿ ತಂತಿಗಳು ಸಡಿಲವಾಗಿ ಜೋಲುವುದನ್ನು ಕಾಣುವಿರಿ. ನೈಲಾನ್ ತೇವವನ್ನು ಕುಡಿದು ಉದ್ದವಾಗುವುದರಿಂದ ಆಗುವುದು ಅದು, ನಿಮ್ಮ ಕೈಯ ತಪ್ಪಲ್ಲ. ಉರಿಯುವ ಊದುಬತ್ತಿಯ ಕೆಂಡವನ್ನು ತಂತಿಗೆ ತಾಗಿಸದೆ, ಒಂದು ಬೆರಳಿನಷ್ಟು ಕೆಳಗೆ ಮೆಲ್ಲನೆ ಸರಿಸುತ್ತ ಹೋದರೆ ನೈಲಾನ್ ಕುಗ್ಗಿ ಮತ್ತೆ ಬಿಗಿಯಾಗುತ್ತದೆ. ಎಡಗಡೆಯ ಒಂದನ್ನು ಬಿಗಿದ ಕೂಡಲೇ ಬಲಗಡೆಯ ಜೋಡಿಯನ್ನೂ ಬಿಗಿಯಬೇಕು, ಇಲ್ಲವಾದರೆ ರೆಕ್ಕೆ ತಿರುಚುತ್ತದೆ.